ಅಜ್ಜನ ಗಿಟಾರಿನ ಹದ

“ಇನ್ನೊಂದು ಚೂರು... ಇನ್ನೊಂದೇ ಒಂದು ಚೂರು...” ಅನ್ನುತ್ತಾ ಮ್ಯೂಸಿಕ್ ಮಿಸ್ ಗಿಟಾರಿನ ತಲೆಯ ಮೇಲಿನ ತಿರುಗಣೆ ತಿರುಗಿಸುತ್ತಿದ್ದರು.

ಠಣ್!

ತಂತಿ ಕಡಿದು, ಸುರುಳಿ ಸುತ್ತಿಕೊಂಡು, ಮಿಸ್ ಮೂಗಿನ ಪಕ್ಕದಲ್ಲೇ ಹಾದುಹೋಯಿತು. ಮ್ಯೂಸಿಕ್ ರೂಮಿನಲ್ಲಿದ್ದ ಮಕ್ಕಳೆಲ್ಲ “ಓಓಓ” ಅಂದರು. ಹಿಂದಿನ ಬೆಂಚಿನವನೊಬ್ಬ ಚಪ್ಪಾಳೆ ಬೇರೆ ಹೊಡೆದ. ಪೀಪಿಗೆ ಮಾತ್ರ ಎದೆ ಧಸಕ್ಕೆಂದಿತು.

ಪೀಪಿ ಐದನೇ ಕ್ಲಾಸಿನ ಹುಡುಗಿ. ಅವಳಿಗೆ ನಿಜವಾದ ಹೆಸರೂ ಒಂದಿದೆ, ಆದರೆ ಅದು ಶಾಲೆಯ ಹಾಜರಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಪಯೋಗಕ್ಕೆ ಬಂದಿದ್ದೇ ಇಲ್ಲ. ಅವಳು ಹುಟ್ಟಿದಾಗ ಅತ್ತ ಅಳು ಕೇಳಿ ಅಜ್ಜ, “ಅಬ್ಬಬ್ಬಾ, ಇದೇನು ಮಗುವೋ ಪೀಪಿಯೋ?” ಅಂದಿದ್ದನಂತೆ. ಅಂದಿನಿಂದ ಪೀಪಿ ಅಂದರೆ ಪೀಪಿಯೇ. ಈಗ ತಂತಿ ಕಡಿದುಕೊಂಡು ಮೇಜಿನ ಮೇಲೆ ಮಲಗಿದ್ದ ಗಿಟಾರ್ ಆ ಅಜ್ಜನದೇ.

“ಹೆದರಬೇಡ ಮರಿ, ತಂತಿ ಹಳೇದಾಗಿತ್ತು ಅಷ್ಟೇ,” ಅಂದರು ಮಿಸ್. “ಎಷ್ಟು ದಿನದಿಂದ ಇದನ್ನ ಯಾರೂ ಮುಟ್ಟಿಲ್ಲ? ನೋಡು, ಎಲ್ಲಾ ತಂತಿನೂ ಸಡಿಲ ಆಗಿಬಿಟ್ಟಿತ್ತು. ಒಂದೂ ಅದರ ಜಾಗದಲ್ಲಿರಲಿಲ್ಲ.”

ಅವರು ಡ್ರಾಯರಿನಿಂದ ಹೊಸ ತಂತಿ ತೆಗೆದು ಕಟ್ಟಿದರು. ಗಿಟಾರಿನ ತಲೆಗೆ ಬಟ್ಟೆ ಕ್ಲಿಪ್ಪಿನಂಥ ಒಂದು ಪುಟ್ಟ ಮಷೀನು ಸಿಕ್ಕಿಸಿದ್ದರು. ತಂತಿ ಸರಿಯಾದರೆ ಅದರಲ್ಲಿ ಹಸಿರು ಲೈಟು ಬರುತ್ತಿತ್ತು. ಒಂದು ಹಸಿರು, ಎರಡು ಹಸಿರು... ಕೊನೆಗೆ ಆರಕ್ಕೆ ಆರೂ ಹಸಿರು.

“ಈಗ ನೋಡು, ಹೊಸದರ ಥರ ಆಯ್ತು. ಸೋಮವಾರದಿಂದ ಕಲಿಸ್ತೀನಿ,” ಅಂದರು ಮಿಸ್.

ಪೀಪಿ ಕುಣಿಯುತ್ತಾ ಮನೆಗೆ ಬಂದಳು. ಗಿಟಾರ್ ಅವಳಿಗಿಂತ ಒಂದು ಗೇಣು ಚಿಕ್ಕದು ಅಷ್ಟೇ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಇಕ್ಕಟ್ಟಾಗಿ ಕೂತುಕೊಂಡು ಬಂದರು. ಮನೆಯಲ್ಲಿ ಅಮ್ಮ ಗಿಟಾರನ್ನು ಮೆತ್ತಗೆ ಇಸಿದುಕೊಂಡು, ಅಜ್ಜಿಗೆ ಕಾಣದ ಹಾಗೆ ನಡುಮನೆಯ ಮೊಳೆಗೆ ತೂಗುಹಾಕಿದಳು.

*

ಅಜ್ಜಿಯ ಬೆಳಗು ಶುರುವಾಗುವುದು ಒರೆಸುವ ಬಟ್ಟೆಯಿಂದ. ಅಜ್ಜನ ಹಳೇ ಷರಟೊಂದರ ಬೆನ್ನಿನ ತುಂಡು ಅದು. ಒಗೆದು ಒಗೆದು ಬೆಣ್ಣೆಯಷ್ಟು ಮೆತ್ತಗಾಗಿದೆ. ಅಜ್ಜಿ ಮೊದಲು ಕಿಟಕಿ ಒರೆಸುತ್ತಾಳೆ, ಆಮೇಲೆ ರೇಡಿಯೋ, ಆಮೇಲೆ ಗೋಡೆ ಗಡಿಯಾರ. ಎಲ್ಲ ಮುಗಿದ ಮೇಲೆ ಗಿಟಾರ್. ಬಟ್ಟೆ ತಂತಿಗಳ ಮೇಲೆ ಹಾದುಹೋಗುವಾಗ “ಝೂಂ...” ಅಂತ ಒಂದು ದನಿ ಏಳುತ್ತದೆ. ಆರೂ ತಂತಿಗಳೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹೇಳಿದ ಹಾಗೆ, ಒಂದೇ ಒಂದು ತುಂಬಿದ ದನಿ.

ಅಜ್ಜ ಹೋಗಿ ಒಂದು ವರ್ಷವಾಯಿತು. ಆ ಒಂದು ವರ್ಷವೂ ಪೀಪಿಗೆ ದಿನಾ ಎಚ್ಚರವಾಗುತ್ತಿದ್ದದ್ದು ಆ ದನಿಗೇ. ಝೂಂ ಅಂದರೆ ಏಳಬೇಕು, ಹಲ್ಲುಜ್ಜಬೇಕು, ಬಸ್ಸಿಗೆ ಹೊತ್ತಾಗುತ್ತದೆ.

ಮಾರನೇ ದಿನ ಬೆಳಗ್ಗೆ ಕಿಟಕಿಯಾಯಿತು, ರೇಡಿಯೋ ಆಯಿತು, ಗಡಿಯಾರವೂ ಆಯಿತು. ಆಮೇಲೆ...

“ಝಂಯ್ಯ್ಞ್!”

ಪೀಪಿ ದಡಕ್ಕನೆ ಎದ್ದು ಕೂತಳು. ಹಲ್ಲು ಜುಮ್ಮೆನ್ನುವಂಥ ದನಿ! ಆರು ತಂತಿಗಳೂ ಆರು ದಿಕ್ಕಿಗೆ ಮುಖ ಮಾಡಿಕೊಂಡು ಜಗಳ ಆಡಿದ ಹಾಗಿತ್ತು. ಹೊದಿಕೆಯ ಸಂದಿಯಿಂದ ಇಣುಕಿ ನೋಡಿದರೆ ಅಜ್ಜಿಯ ಕೈ ಅಲ್ಲೇ ನಿಂತುಬಿಟ್ಟಿತ್ತು. ಅಜ್ಜಿ ಗಿಟಾರನ್ನು ನೋಡಿದಳು. ಹಳೇ ತಂತಿಗಳ ಪಕ್ಕದಲ್ಲಿ ಮಿರಮಿರ ಮಿಂಚುತ್ತಿದ್ದ ಹೊಸ ತಂತಿಯನ್ನೂ ನೋಡಿದಳು. ಆಮೇಲೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ಹೋದಳು.

ಅದರ ಮಾರನೇ ದಿನ ಅಜ್ಜಿ ಕಿಟಕಿ ಒರೆಸಿದಳು, ರೇಡಿಯೋ ಒರೆಸಿದಳು, ಗಡಿಯಾರ ಒರೆಸಿದಳು. ಅಲ್ಲಿಗೆ ಮುಗಿಸಿದಳು. ಗಿಟಾರನ್ನು ಮುಟ್ಟಲೇ ಇಲ್ಲ.

ಪೀಪಿ ತಿಂಡಿಯ ತಟ್ಟೆ ಬಿಟ್ಟು ಅಮ್ಮನ ಹತ್ತಿರ ಹೋದಳು.

“ಅಮ್ಮಾ, ಅಜ್ಜಿ ಗಿಟಾರ್ ಒರೆಸೋದು ಬಿಟ್ಟಿದ್ದಾಳೆ,” ಅಂದಳು ಪಿಸುದನಿಯಲ್ಲಿ.

“ಏನಾದ್ರೂ ಅಂದ್ರಾ ನಿಂಗೆ?”

“ಇಲ್ಲ.”

“ಹಾಗಿದ್ರೆ ನೀನೂ ಏನೂ ಕೇಳೋಕೆ ಹೋಗಬೇಡ. ಅಜ್ಜನ ಸುದ್ದಿ ಎತ್ತಿದ್ರೆ ಅಜ್ಜಿಗೆ ಬೇಜಾರಾಗುತ್ತೆ. ಗೊತ್ತಲ್ಲ?”

ಗೊತ್ತಿಲ್ಲದೆ ಏನು! ಒಂದು ವರ್ಷದಿಂದ ಆ ಮನೆಯಲ್ಲಿ ಅದೇ ಕಾನೂನು. ಅಜ್ಜನ ಬೆತ್ತದ ಕುರ್ಚಿ ಮಹಡಿಗೆ ಹೋಗಿತ್ತು. ಅಜ್ಜನ ಚಪ್ಪಲಿ ಎಲ್ಲಿ ಹೋಯಿತೋ ಪೀಪಿಗೆ ತಿಳಿಯದು. ಊಟಕ್ಕೆ ಕೂತಾಗ ಅಪ್ಪ ಬಾಯಿತಪ್ಪಿ “ನಮ್ಮಪ್ಪ ಇದ್ದಿದ್ರೆ...” ಅಂತ ಶುರು ಮಾಡಿದರೆ ಸಾಕು, ಅಮ್ಮ ಕೆಮ್ಮುತ್ತಿದ್ದಳು. ಅಪ್ಪ ಮಾತು ನುಂಗಿಕೊಂಡು ನೀರು ಕುಡಿಯುತ್ತಿದ್ದ. ಅಜ್ಜಿ ತಲೆ ತಗ್ಗಿಸಿ ಊಟ ಮುಗಿಸುತ್ತಿದ್ದಳು.

ಇಷ್ಟೆಲ್ಲ ಆದಮೇಲೂ ಮನೆಯಲ್ಲಿ ಉಳಿದಿದ್ದ ಅಜ್ಜನ ಮಾತು ಅಂದರೆ ಅದೊಂದು ಝೂಂ ಮಾತ್ರ. ಅದನ್ನೂ ತಾನೇ ಕೈಯಾರೆ ಹಾಳುಮಾಡಿದೆನಲ್ಲ ಅಂತ ಪೀಪಿಗೆ ಅಳು ಬಂತು. ಹೇಗಾದರೂ ಸರಿ, ಅದನ್ನು ವಾಪಸ್ ತರಲೇಬೇಕು. ಅಜ್ಜಿ ಮತ್ತೆ ಗಿಟಾರ್ ಒರೆಸಬೇಕು.

*

ಅಜ್ಜನಿಗೆ ಮರದ ಕೆಲಸ. ಕುರ್ಚಿ, ಮೇಜು, ಮಂಚ ಮಾಡುವ ಕಾರ್ಖಾನೆಯಲ್ಲಿ ಇದ್ದ. ಸಂಜೆ ಮನೆಗೆ ಬಂದರೆ ಹುಬ್ಬಿನಲ್ಲೂ ಮರದ ಹೊಟ್ಟು ಇರುತ್ತಿತ್ತು. ಪೀಪಿ ಅವನ ತೊಡೆಯೇರಿ ಹುಬ್ಬು ಝಾಡಿಸುತ್ತಿದ್ದಳು. “ನೋಡೇ, ನನ್ನ ಮೊಮ್ಮಗಳು ನನ್ನನ್ನ ಒರೆಸಿ ಪಾಲಿಶ್ ಮಾಡ್ತಾಳೆ,” ಅನ್ನುತ್ತಿದ್ದ ಅಜ್ಜ.

ಅಪ್ಪ ಇನ್ನೂ ಚಿಕ್ಕ ಹುಡುಗನಾಗಿದ್ದ ಕಾಲದಲ್ಲಿ ಅಜ್ಜನ ಎಡಗೈ ಮಷೀನಿಗೆ ಸಿಕ್ಕಿಕೊಂಡಿತ್ತಂತೆ. ಕೈ ಉಳಿಯಿತು, ಆದರೆ ಬೆರಳುಗಳು ಸೆಟೆದುಕೊಂಡವು. ತೋರುಬೆರಳೊಂದೇ ಹೇಳಿದ ಮಾತು ಕೇಳುತ್ತಿತ್ತು. ಗಿಟಾರ್ ನುಡಿಸುವವರು ಎಡಗೈಯ ಬೆರಳುಗಳನ್ನೆಲ್ಲ ಬೇರೆಬೇರೆ ತಂತಿಗಳ ಮೇಲೆ ಒತ್ತಬೇಕು. ಅಜ್ಜನಿಗೆ ಅದು ಆಗದ ಮಾತು. ಅದಕ್ಕೇ ಅವನು ತಂತಿಗಳನ್ನೇ ಸಡಿಲ ಮಾಡಿ ತನಗೆ ಬೇಕಾದ ಹಾಗೆ ಒಗ್ಗಿಸಿಕೊಂಡಿದ್ದ. ಏನೂ ಒತ್ತದೆ ಸುಮ್ಮನೆ ಕೈಯಾಡಿಸಿದರೂ ಆರು ತಂತಿ ಕೂಡಿ ಚೆಂದದ ದನಿ ಬರುತ್ತಿತ್ತು. ಬೇರೆ ದನಿ ಬೇಕಾದರೆ ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿದರೆ ಆಯಿತು. ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕಿರುವ ಎರಡು ಕಂಬಿಗಳ ನಡುವಿನ ಜಾಗಕ್ಕೆ ಅವನು ‘ಮನೆ’ ಅನ್ನುತ್ತಿದ್ದ. “ಬೆರಳು ಐದನೇ ಮನೆಗೆ ಹೋಗಿ ಮಾತಾಡಿಸಿಕೊಂಡು, ಏಳನೇ ಮನೆಗೆ ಹೋಗಿ ಬಂದ್ರೆ ಒಂದು ಹಾಡು ಮುಗೀತು,” ಅನ್ನುತ್ತಿದ್ದ.

ಗಿಟಾರಿನ ತಲೆಯ ಮೇಲಿನ ತಿರುಗಣೆಗಳಿಗೆ ಅವನ ಭಾಷೆಯಲ್ಲಿ ‘ಕಿವಿ’. ತಂತಿ ತುಂಟತನ ಮಾಡಿದರೆ ಕಿವಿ ಹಿಂಡಬೇಕು. ದಿನಾ ಸಂಜೆ ಕೈಕಾಲು ತೊಳೆದು, ಬೆತ್ತದ ಕುರ್ಚಿಯಲ್ಲಿ ಕೂತು, ಮೊದಲು ಮಾಡುವ ಕೆಲಸವೇ ಅದು. ಒಂದೊಂದೇ ತಂತಿ ಮೀಟಿ ಅಡುಗೆಮನೆ ಕಡೆ ಕೂಗುತ್ತಿದ್ದ.

“ಇವಳೇ, ಹೇಗಿದೆ?”

ಅಡುಗೆಮನೆಯಿಂದ ಅಜ್ಜಿ ಉತ್ತರ ಕೊಡುತ್ತಿದ್ದಳು. ತಂತಿ ಇಳಿದಿದ್ದರೆ “ಸಪ್ಪೆ!” ಏರಿದ್ದರೆ “ಹುಳಿ!” ಸರಿಯಾಗಿ ಕೂತರೆ “ಹದ.” ಅಷ್ಟೇ. ಬೇರೆ ಮಾತಿಲ್ಲ. ಪೀಪಿಯೂ ಅಜ್ಜನ ಕಾಲ ಬುಡದಲ್ಲಿ ಕೂತು “ಚಪ್ಪೆ! ಉಳಿ!” ಅಂತ ಅಜ್ಜಿಯ ಜೊತೆ ಕೂಗುತ್ತಿದ್ದಳು. ಆಗ ಅವಳಿಗೆ ಮುಂದಿನ ಹಲ್ಲು ಇರಲಿಲ್ಲ.

ಈಗ ಹಲ್ಲುಗಳೆಲ್ಲ ಬಂದಿವೆ. ಕೂಗುವವರೇ ಇಲ್ಲ.

*

ಪೀಪಿ ಮೊದಲು ಹೋಗಿದ್ದು ಅಣ್ಣನ ಹತ್ತಿರ. ಅಣ್ಣ ಹೈಸ್ಕೂಲು, ತನಗೆ ಗೊತ್ತಿಲ್ಲದ್ದು ಪ್ರಪಂಚದಲ್ಲೇ ಇಲ್ಲ ಅನ್ನುವ ವಯಸ್ಸು.

“ಅಷ್ಟೇ ತಾನೇ? ಅಪ್ಪನ ಫೋನಲ್ಲಿ ಅಜ್ಜ ಗಿಟಾರ್ ನುಡಿಸೋ ವಿಡಿಯೋ ಇದೆ. ಅದನ್ನ ಕೇಳ್ಕೊಂಡು ಟ್ಯೂನ್ ಮಾಡಿದ್ರಾಯ್ತು. ಸಿಂಪಲ್,” ಅಂದ.

ವಿಡಿಯೋ ಸಿಕ್ಕಿತು. ಅಜ್ಜ ಬೆತ್ತದ ಕುರ್ಚಿಯಲ್ಲಿ ಕೂತಿದ್ದಾನೆ. ತೊಡೆಯ ಮೇಲೆ ಗಿಟಾರ್. ಬೆರಳು ಐದನೇ ಮನೆಗೆ ಹೋಯಿತು. ಬಲಗೈ ತಂತಿ ಮುಟ್ಟಿತು. ಅದೇ ಹೊತ್ತಿಗೆ, ವಿಡಿಯೋದೊಳಗೇ, ಅಡುಗೆಮನೆಯಲ್ಲಿ ಅಮ್ಮ ಮಿಕ್ಸಿ ಹಾಕಿದಳು. ಗರ್‍ರ್‍ರ್ ಅಂತ ವಿಡಿಯೋ ಮುಗಿಯುವ ತನಕ ಮಿಕ್ಸಿಯೇ ಹಾಡಿತು. ಕೊನೆಯಲ್ಲಿ ಅಜ್ಜ ಕ್ಯಾಮೆರಾ ನೋಡಿ ನಕ್ಕ.

“ಥತ್,” ಅಂದ ಅಣ್ಣ. “ಇನ್ನೊಂದು ಇಲ್ಲ. ಅಜ್ಜ ಫೋನ್ ಕಂಡ್ರೆ ನುಡಿಸೋದೇ ನಿಲ್ಲಿಸ್ತಿದ್ದ.”

ಪೀಪಿ ಆ ವಿಡಿಯೋವನ್ನು ಮತ್ತೆ ನೋಡಿದಳು, ದನಿ ಪೂರ್ತಿ ಆರಿಸಿಕೊಂಡು. ಅಜ್ಜನ ಹುಬ್ಬಿನಲ್ಲಿ ಹೊಟ್ಟು ಇತ್ತು.

ಸೋಮವಾರ ಅವಳು ಗಿಟಾರ್ ಹೊತ್ತು ಮಿಸ್ ಹತ್ತಿರ ಹೋದಳು. “ಮಿಸ್, ಇದನ್ನ ಮೊದಲು ಹೇಗಿತ್ತೋ ಹಾಗೆ ಮಾಡಿಕೊಡಿ. ಪ್ಲೀಸ್ ಮಿಸ್.” ಅಜ್ಜನ ಕೈ, ಒಂದೇ ಬೆರಳು, ಐದನೇ ಮನೆ, ಏಳನೇ ಮನೆ ಎಲ್ಲವನ್ನೂ ತೊದಲಿ ತೊದಲಿ ಹೇಳಿದಳು.

ಮಿಸ್ ತಲೆಯ ಮೇಲೆ ಕೈ ಇಟ್ಟುಕೊಂಡರು. “ಅಯ್ಯೋ ದೇವರೇ! ಅದು ಬೇಕಂತಲೇ ಸಡಿಲ ಮಾಡಿ ಕೂಡಿಸಿದ ಓಪನ್ ಟ್ಯೂನಿಂಗ್ ಆಗಿತ್ತಾ? ನಾನು ಕೆಟ್ಟಿದೆ ಅಂತ ತಿಳ್ಕೊಂಡು ರಿಪೇರಿ ಮಾಡಿಬಿಟ್ನಲ್ಲ ಮರಿ! ಒಂದು ಮಾತು ಕೇಳಬೇಕಿತ್ತು ನಾನು.”

ಟೀಚರ್ ಒಬ್ಬರು ಹೀಗೆ ತಪ್ಪು ಒಪ್ಪಿಕೊಂಡಿದ್ದನ್ನು ಪೀಪಿ ಹಿಂದೆಂದೂ ನೋಡಿರಲಿಲ್ಲ. ಅವಳಿಗೇ ಪಾಪ ಅನ್ನಿಸಿತು.

ಮಿಸ್ ತಂತಿಗಳನ್ನು ಇಳಿಸಿ ಒಂದು ಥರ ಕೂಡಿಸಿದರು. ಬರೀ ಕೈಯಾಡಿಸಿದರು. ಝೂಂ! “ಇದಾ?”

“ಇದೇ ಇರಬೇಕು ಮಿಸ್...”

ಬೇರೆ ಕೆಲವು ತಂತಿಗಳನ್ನು ತಿರುಗಿಸಿ ಇನ್ನೊಂದು ಥರ ಕೂಡಿಸಿದರು. ಝೂಂ! “ಅಥವಾ ಇದಾ?”

“ಇದೂ... ಇರಬಹುದು ಮಿಸ್.”

ಎರಡೂ ಚೆನ್ನಾಗಿದ್ದವು. ಎರಡೂ ಅಜ್ಜನದ್ದಲ್ಲ ಅನ್ನಿಸಿತು. ಇಲ್ಲ, ಎರಡೂ ಅವನದ್ದೇ ಅನ್ನಿಸಿತು. ಪೀಪಿ ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲು ನೋಡಿದಳು. ಅಜ್ಜನ ಹುಬ್ಬು ನೆನಪಾಯಿತು. ಸೆಟೆದ ಬೆರಳು ನೆನಪಾಯಿತು. ಷರಟಿನ ಮರದ ವಾಸನೆಯೂ ಬಂದ ಹಾಗಾಯಿತು. ದನಿ ಮಾತ್ರ ಕೈಗೇ ಸಿಗಲಿಲ್ಲ. ದಿನಾ ಕೇಳಿದ್ದನ್ನೇ ಮರೆತೆನಲ್ಲ ಅಂತ ಅವಳಿಗೆ ಭಯವಾಯಿತು.

“ನಿಮ್ಮ ಮನೇಲಿ ಅಜ್ಜ ನುಡಿಸೋದನ್ನ ದಿನಾ ಕೇಳ್ತಿದ್ದವರು ಯಾರಮ್ಮ?” ಕೇಳಿದರು ಮಿಸ್.

“ಅಜ್ಜಿ.”

“ಮತ್ತೆ? ಅವರನ್ನೇ ಕೇಳು.”

“ಕೇಳೋ ಹಾಗಿಲ್ಲ ಮಿಸ್,” ಅಂದಳು ಪೀಪಿ.

ಮಿಸ್ ಯಾಕೆ ಅಂತ ಕೆದಕಲಿಲ್ಲ. ಆ ವಾರವೆಲ್ಲ ಊಟದ ಬಿಡುವಿನಲ್ಲಿ ಪೀಪಿಗೆ ತಂತಿ ಕೂಡಿಸುವುದನ್ನು ಕಲಿಸಿದರು. ಕಿವಿಯನ್ನು ಒಂದೇ ಸಲ ಜೋರಾಗಿ ತಿರುಗಿಸಬಾರದು, ಸಕ್ಕರೆ ಡಬ್ಬಿ ಕದ್ದು ತೆಗೆಯುವ ಹಾಗೆ ಮೆಲ್ಲಗೆ ತಿರುಗಿಸಬೇಕು. ಬೆರಳನ್ನು ಕಂಬಿಯ ಹತ್ತಿರಕ್ಕೆ ಮಲಗಿಸಿ ಒತ್ತಬೇಕು. ಪೀಪಿಯ ಬೆರಳು ಆರನೇ ತಂತಿಗೆ ಮುಟ್ಟುತ್ತಿತ್ತು ಅಷ್ಟೇ. ಒತ್ತಿ ಒತ್ತಿ ಬೆರಳ ಮೇಲೆ ತಂತಿಯ ಗೆರೆಗಳು ಕೆಂಪಗೆ ಮೂಡಿದವು.

“ಉರಿಯುತ್ತೆ ಮಿಸ್.”

“ಉರಿಯುತ್ತೆ. ಇನ್ನೊಂದು ವಿಷಯ, ಈ ಹೊಸ ತಂತಿ ಸ್ವಲ್ಪ ದಿನ ಇಳೀತಾನೇ ಇರುತ್ತೆ. ಹೊಸ ಬೂಟಿನ ಥರ, ಒಗ್ಗೋಕೆ ಟೈಮ್ ಬೇಕು. ದಿನಾ ನೋಡ್ಕೋಬೇಕು,” ಅಂದರು ಮಿಸ್.

ಕಲಿಯುವಾಗ ಪೀಪಿ ಒಂದು ಸಂಗತಿ ಗಮನಿಸಿದಳು. ಗಿಟಾರಿನ ಕತ್ತಿನ ಮೇಲೆ ಎಲ್ಲ ಕಡೆ ಕಪ್ಪು ಬಣ್ಣ ಇತ್ತು, ಐದನೇ ಮತ್ತು ಏಳನೇ ಮನೆಗಳಲ್ಲಿ ಮಾತ್ರ ಅಡ್ಡಕ್ಕೆ ಬಣ್ಣ ಸವೆದು ಒಳಗಿನ ಮರ ಕಾಣುತ್ತಿತ್ತು. ಅಜ್ಜನ ಬೆರಳು ಮಲಗಿ ಮಲಗಿ ಆದ ಜಾಗ. ಪೀಪಿ ತನ್ನ ಬೆರಳನ್ನು ಅಲ್ಲೇ ಇಟ್ಟಳು. ಜಾಗ ಇನ್ನೂ ಎಷ್ಟೋ ಉಳಿಯಿತು.

*

ಭಾನುವಾರ ಬೆಳಗ್ಗೆ ಅಪ್ಪ ಅಣ್ಣನನ್ನು ಕಟಿಂಗಿಗೆ ಕರೆದುಕೊಂಡು ಹೋದ. ಅಮ್ಮ ಮಾರ್ಕೆಟ್ಟಿಗೆ ಹೋದಳು. ಅಡುಗೆಮನೆಯಲ್ಲಿ ಅಜ್ಜಿ ತರಕಾರಿ ಹೆಚ್ಚುತ್ತಿದ್ದಳು. ಟಕಟಕ ಸದ್ದು ಕೇಳುತ್ತಿತ್ತು.

ಇದೇ ಸಮಯ, ಆ ದನಿಯನ್ನು ತಾನೇ ಹುಡುಕಿ ನೋಡಬೇಕು ಅಂತ ಪೀಪಿ ಗಿಟಾರ್ ಇಳಿಸಿಕೊಂಡು ರೂಮಿಗೆ ನುಗ್ಗಿ ಬಾಗಿಲು ಹಾಕಿದಳು. ಅಜ್ಜಿಗೆ ಕೇಳಿಸಬಾರದು ಅಂತ ಮಂಚದ ಆಚೆ ಬದಿ ನೆಲದ ಮೇಲೆ ಕೂತಳು. ಉಸಿರು ಬಿಗಿಹಿಡಿದು ಹೆಬ್ಬೆರಳಿನಿಂದ ಮೆತ್ತಗೆ, ತೀರಾ ಮೆತ್ತಗೆ, ಹೊಸ ತಂತಿ ಮೀಟಿದಳು.

ಟಿಂಯ್.

ಅಡುಗೆಮನೆಯ ಟಕಟಕ ನಿಂತಿತು.

ಪೀಪಿ ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿಗೆ ಟಕಟಕ ಮತ್ತೆ ಶುರುವಾಯಿತು. ಸದ್ಯ, ಬದುಕಿದೆ ಅಂದುಕೊಂಡು ಇನ್ನೊಂದು ಸಲ ಮೀಟಿದಳು.

ಟಿಂಯ್.

“ಸಪ್ಪೆ!”

ತಾನು ಕೇಳಿದ್ದು ನಿಜವೋ ಸುಳ್ಳೋ? ಅಡುಗೆಮನೆಯಿಂದ ಮತ್ತೆ ದನಿ ಬಂತು. ಒಂದು ವರ್ಷದಿಂದ ಕೇಳದಿದ್ದ ಅದೇ ದನಿ, ಅದೇ ಗತ್ತು.

“ಆ ತೆಳ್ಳನೇದು. ಸಪ್ಪೆಯಾಗಿದೆ ಅಂದ್ನಲ್ಲ! ಕಿವಿ ಕೇಳ್ಸಲ್ವಾ?”

ಪೀಪಿ ಗಡಬಡಿಸಿ ಕಿವಿ ಹಿಂಡಿದಳು. ಟಿಂಯ್.

“ಇನ್ನೂ.”

ಟಿಂಯ್.

“ಹುಳಿ! ಹುಳಿ, ಹುಳಿ, ಹುಳಿ! ಇಳಿಸು.”

ಟಿಂಯ್.

ಪೀಪಿ ಕಾದಳು.

“ಹದ,” ಅಂದಳು ಅಜ್ಜಿ, ಮೆಲ್ಲಗೆ. “ಪಕ್ಕದ್ದು ಹೊಡಿ.”

ಹೀಗೆ ಒಂದೊಂದೇ ತಂತಿ. ಮಿಸ್ ಕೂಡಿಸಿದ್ದ ಒಂದು ತಂತಿಯನ್ನೂ ಅಜ್ಜಿ ಹಾಗೇ ಬಿಡಲಿಲ್ಲ. ಕೆಲವನ್ನು ಒಂದು ಎಳೆಯಷ್ಟು ಇಳಿಸಿದಳು. ನಡುವಿನದೊಂದನ್ನು ಇಳಿಸು, ಇಳಿಸು ಅಂತ ಎಲ್ಲಿಗೋ ಒಯ್ದು, ಮತ್ತೆ ಏರಿಸಿ, “ಅದಲ್ಲ, ಅದಲ್ಲ, ಅವಸರ ಮಾಡಬೇಡ” ಅಂತ ಗದರಿಸಿ, ಕೊನೆಗೆ ಕೂರಿಸಿದಳು. ದಪ್ಪ ತಂತಿ ಹದಕ್ಕೆ ಬರುವ ಹೊತ್ತಿಗೆ ಪೀಪಿಯ ಬೆನ್ನೆಲ್ಲ ಬೆವರಿತ್ತು.

“ಈಗ ಎಲ್ಲಾ ಒಟ್ಟಿಗೆ,” ಅಂದಿತು ಅಡುಗೆಮನೆ.

ಪೀಪಿ ಕೈಯಾಡಿಸಿದಳು.

ಝೂಂ...

ಇದೇ! ಇದೇ ಅದು! ತಾನು ಮರೆತೇಬಿಟ್ಟೆ ಅಂತ ಅಷ್ಟೊಂದು ಹೆದರಿದ್ದಳಲ್ಲ, ಕೇಳಿದ ಕೂಡಲೇ ಗೊತ್ತಾಯಿತು. ರೂಮಿನ ತುಂಬ ಮರದ ಹೊಟ್ಟಿನ ವಾಸನೆ ಬಂದ ಹಾಗಾಯಿತು. ಪೀಪಿ ಗಿಟಾರನ್ನು ತಬ್ಬಿಕೊಂಡು ಜೋರಾಗಿ ಅಳತೊಡಗಿದಳು.

ಬಾಗಿಲು ತೆರೆಯಿತು. ಅಜ್ಜಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನಿಂತಿದ್ದಳು.

“ಇದೇನೇ ಇದು, ಹದ ಅಂದ್ರೂ ಅಳ್ತಾಳೆ! ಪೀಪಿ ಅಂತ ಸರಿಯಾಗೇ ಹೆಸರಿಟ್ಟಿದ್ರು.”

“ಅಜ್ಜೀ... ನಾನೇ ಹಾಳು ಮಾಡಿದ್ದು... ಸ್ಕೂಲಿಗೆ ತಗೊಂಡು ಹೋಗಿ... ಅಜ್ಜನ ದನಿ...”

ಅಜ್ಜಿ ಮೊಣಕಾಲು ಹಿಡಿದುಕೊಂಡು “ಅಮ್ಮಾ” ಅನ್ನುತ್ತಾ ಮೆಲ್ಲಗೆ ಅವಳ ಪಕ್ಕ ನೆಲದ ಮೇಲೆ ಕೂತಳು. “ನೀನೆಲ್ಲಿ ಹಾಳು ಮಾಡಿದೆ? ಅದು ಕೆಟ್ಟು ಎಷ್ಟು ದಿನ ಆಗಿತ್ತು ಅಂತ!”

ಪೀಪಿಯ ಅಳು ಅರ್ಧಕ್ಕೇ ನಿಂತಿತು. “ಹಾಂ?”

“ತಂತಿ ಅಂದ್ಮೇಲೆ ಇಳಿಯುತ್ತಪ್ಪ. ಅದಕ್ಕೇ ಅಲ್ವಾ ಅವರು ದಿನಾ ಸಂಜೆ ಕೂತು ಕಿವಿ ಹಿಂಡ್ತಿದ್ದದ್ದು? ಅವರು ಹೋದ್ಮೇಲೆ ಒಂದೊಂದು ಚೂರು ಇಳೀತಾನೇ ಬಂತು. ಬೆಳಗ್ಗೆ ಒರೆಸುವಾಗ ನಂಗೆ ಕೇಳಿಸ್ತಿತ್ತು. ಇವತ್ತು ನಡುವಿನದು ಸಪ್ಪೆ, ಇವತ್ತು ದಪ್ಪದ್ದು ಸಪ್ಪೆ. ಸಪ್ಪೆಯಾಯ್ತು ರೀ ಅಂತ ಬಾಯಿ ತುದಿಗೆ ಬರೋದು.” ಅಜ್ಜಿ ಗಿಟಾರಿನ ಕಿವಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. “ಹೇಳೋದು ಯಾರಿಗೆ?”

ಪೀಪಿ ಅಜ್ಜಿಯ ಮುಖ ನೋಡಿದಳು. ಒಂದು ವರ್ಷ, ದಿನಾ ಬೆಳಗ್ಗೆ, ತಾನು ಹೊದಿಕೆಯೊಳಗೆ ಮಲಗಿ ಅದೇ ದನಿ ಅಂದುಕೊಂಡು ಕೇಳುತ್ತಿದ್ದಾಗ ಅಜ್ಜಿಗೆ ಅದು ಸ್ವಲ್ಪಸ್ವಲ್ಪವೇ ಹೋಗುತ್ತಿರುವುದು ಕೇಳುತ್ತಿತ್ತು. ಅವಳೊಬ್ಬಳಿಗೇ.

“ಮತ್ತೆ ಯಾಕಜ್ಜಿ ಒರೆಸೋದು ಬಿಟ್ಟೆ?”

“ಹೊಸ ತಂತಿ ಕಾಣಿಸ್ತು. ಓಹೋ, ಮೊಮ್ಮಗಳು ಕಲಿಯೋಕೆ ಶುರು ಮಾಡಿದ್ದಾಳೆ, ನನ್ನ ಬಟ್ಟೆ ತಾಗಿ ಇವಳು ಕೂಡಿಸಿದ್ದು ಕೆಟ್ಟೀತು ಅಂತ ಬಿಟ್ಟೆ. ಬಂದು ಹೇಳ್ತಾಳೆ, ಹೇಳ್ತಾಳೆ ಅಂತ ನಾನು ಕಾಯ್ತಾ ಇದ್ರೆ, ಈ ಮಹಾರಾಯ್ತಿ ಮಂಚದ ಹಿಂದೆ ಕೂತಿದ್ದಾಳೆ.”

“ಅಜ್ಜನ ಸುದ್ದಿ ಎತ್ತಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಅಮ್ಮ ಹೇಳಿದ್ಲು.”

“ಬೇಜಾರು ಆಗೇ ಆಗುತ್ತೆ ಕಣೇ,” ಅಂದಳು ಅಜ್ಜಿ. “ಎತ್ತದೇ ಇದ್ರೂ ಆಗುತ್ತೆ. ಎತ್ತಿದ್ರೆ ಮಾತಾಡೋಕಾದ್ರೂ ಆಗುತ್ತೆ.”

ಆಮೇಲೆ ಅಜ್ಜಿ ಮಾತಾಡಿದಳು. ತಡೆಯಿಲ್ಲದೆ ಮಾತಾಡಿದಳು. ಕೈಗೆ ಪೆಟ್ಟಾದ ಮೇಲೆ ಅಜ್ಜ ಗಿಟಾರನ್ನು ಗೋಡೆಗೆ ಮುಖ ಮಾಡಿ ಇಟ್ಟುಬಿಟ್ಟಿದ್ದನಂತೆ. ಒಂದು ದಿನ ಏನನ್ನಿಸಿತೋ, ತೆಗೆದುಕೊಂಡು ಕೂತು ತಂತಿಗಳನ್ನು ಸಡಿಲ ಮಾಡುತ್ತಾ ಹೋದನಂತೆ. ಅಡುಗೆಮನೆಯಲ್ಲಿದ್ದ ಅಜ್ಜಿ ತಡೆಯಲಾರದೆ “ಅಯ್ಯೋ, ಸಪ್ಪೆ ಸಪ್ಪೆ” ಅಂದಳಂತೆ. ಅವನು ಸಿಟ್ಟಿನಿಂದ “ಹಾಗಾದ್ರೆ ನೀನೇ ಹೇಳು” ಅಂದನಂತೆ. ಇಡೀ ಸಂಜೆ ಹುಳಿ, ಸಪ್ಪೆ, ಹುಳಿ, ಸಪ್ಪೆ. ಹದ ಸಿಗುವ ಹೊತ್ತಿಗೆ ಒಲೆಯ ಮೇಲಿದ್ದದ್ದು ಸೀದು ಕರಕಲಾಗಿತ್ತಂತೆ. “ಆ ಪಾತ್ರೆ ಇನ್ನೂ ಇದೆ, ತಳ ಎಷ್ಟು ಉಜ್ಜಿದ್ರೂ ಬೆಳ್ಳಗಾಗಲಿಲ್ಲ,” ಅಂತ ಅಜ್ಜಿ ನಕ್ಕಳು. ನಗುತ್ತಾ ಕಣ್ಣೊರೆಸಿಕೊಂಡಳು.

ಬಾಗಿಲಲ್ಲಿ ಅಮ್ಮ ಮಾರ್ಕೆಟ್ಟಿನ ಚೀಲ ಹಿಡಿದುಕೊಂಡು ನಿಂತಿದ್ದು ಇಬ್ಬರಿಗೂ ಗೊತ್ತೇ ಆಗಿರಲಿಲ್ಲ. ಅವಳು ಈ ಸಲ ಕೆಮ್ಮಲಿಲ್ಲ. ಚೀಲ ಕೆಳಗಿಟ್ಟು ಕೇಳಿದಳು, “ಯಾವ ಪಾತ್ರೆ ಅತ್ತೆ? ಆ ದೊಡ್ಡದಾ? ನಂಗೆ ಯಾವತ್ತೂ ಹೇಳೇ ಇಲ್ವಲ್ಲ ನೀವು?”

“ನೀನು ಕೇಳಿದ್ಯಾ?” ಅಂದಳು ಅಜ್ಜಿ.

ಅಮ್ಮನೂ ಬಂದು ನೆಲದ ಮೇಲೆ ಕೂತಳು. ಪೀಪಿ ಬೆರಳನ್ನು ಐದನೇ ಮನೆಯಲ್ಲಿ ಮಲಗಿಸಿ ಒತ್ತಿದಳು. ಏಳನೇ ಮನೆಗೆ ಹೋದಳು. ಒಂದು ತಂತಿ ದಪ್ ಅಂತ ಮೂಕಾಯಿತು. ಮತ್ತೆ ಬೆರಳೆತ್ತಿ ಬರೀ ತಂತಿಗೆ ವಾಪಸ್ ಬಂದಳು. ಬೆರಳು ಉರಿಯಿತು. ಅಜ್ಜಿ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಳು.

*

ಮಾರನೇ ದಿನ ಪೀಪಿ ಎಚ್ಚರವಾಗಿದ್ದರೂ ಏಳದೆ ಹೊದಿಕೆಯೊಳಗೇ ಕಾದಳು. ಕಿಟಕಿಯಾಯಿತು. ರೇಡಿಯೋ ಆಯಿತು. ಗಡಿಯಾರವೂ ಆಯಿತು. ಎರಡು ಹೆಜ್ಜೆಯ ಸದ್ದು.

ಝೂಂ...

ಪೀಪಿ ಹೊದಿಕೆಯೊಳಗೇ ನಕ್ಕಳು. ಎದ್ದು, ಬ್ರಷ್ಷು ಬಾಯಿಗಿಟ್ಟುಕೊಂಡು, ಅತ್ತಿತ್ತ ಓಡಾಡತೊಡಗಿದಳು. ಅಷ್ಟರಲ್ಲಿ ಅಡುಗೆಮನೆಯಿಂದ ದನಿ ಬಂತು.

“ಆ ಹೊಸದು ಮತ್ತೆ ಸಪ್ಪೆಯಾಗಿದೆ ಕಣೇ!”

“ಬಂದೇ!” ಪೀಪಿ ಬಾಯಿ ಮುಕ್ಕಳಿಸಿ ಓಡಿಬಂದಳು. ನಡುಮನೆಯ ಕಿಟಕಿಯ ಹತ್ತಿರ ಬೆತ್ತದ ಕುರ್ಚಿ ಇತ್ತು. ರಾತ್ರಿ ಅಪ್ಪನೇ ಮಹಡಿಯಿಂದ ಇಳಿಸಿದ್ದ. ಅವಳು ಗಿಟಾರ್ ತೆಗೆದುಕೊಂಡು ಕುರ್ಚಿ ಹತ್ತಿ ಕೂತಳು. ಕಾಲು ನೆಲಕ್ಕೆ ಮುಟ್ಟಲಿಲ್ಲ. ಹೊಸ ತಂತಿಯ ಕಿವಿ ಮೆಲ್ಲಗೆ ಹಿಂಡಿ, ಮೀಟಿ, ಅಡುಗೆಮನೆ ಕಡೆ ಮುಖ ಮಾಡಿ ಕೂಗಿದಳು.

“ಇವಳೇ, ಹೇಗಿದೆ?”

ಅಡುಗೆಮನೆಯಲ್ಲಿ ಚಮಚವೊಂದು ಠಣಕ್ಕನೆ ಕೆಳಗೆ ಬಿತ್ತು. ಆಮೇಲೆ ಅಜ್ಜಿ ನಗುವುದು ಕೇಳಿಸಿತು. ಮನೆಯೆಲ್ಲ ತುಂಬುವಂಥ ನಗು.

“ಯಾರೇ ಅದು ನನ್ನನ್ನ ಇವಳೇ ಅನ್ನೋಳು? ಬಂದ್ರೆ ನಿನ್ನ ಕಿವಿ ಹಿಂಡ್ತೀನಿ!”

“ಹೇಗಿದೆ ಹೇಳು ಅಂದ್ರೆ!”

“ಹುಳಿ,” ಅಂದಳು ಅಜ್ಜಿ. “ಸ್ವಲ್ಪ ಇಳಿಸು.”

ಪೀಪಿ ಇಳಿಸಿದಳು. ನಾಳೆ ಬೆಳಗ್ಗೆ ಈ ತಂತಿ ಮತ್ತೆ ಸಪ್ಪೆಯಾಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ಆಗಲಿ ಬಿಡು ಅಂದುಕೊಂಡು ಇನ್ನೊಮ್ಮೆ ಮೀಟಿದಳು.